ಇದ್ದಿಲು ಬಸ್ಸಿನ ಬೆಂಕಿಯಲ್ಲಿ ಓದಿದ ಕುಸ್ತಿ

ನಾವು ಚಿಕ್ಕವರಿದ್ದಾಗ ಸರಗೂರಿನಲ್ಲಿ ಸುದ್ದಿ ಎನ್ನುವುದು ಸೀಮೆಎಣ್ಣೆ ಇರುವಷ್ಟು ಹೊತ್ತು ಮಾತ್ರ ಇರುತ್ತಿತ್ತು. ಎಣ್ಣೆ ಮುಗಿದರೆ ಅವತ್ತಿನ ಮಟ್ಟಿಗೆ ಪ್ರಪಂಚವೂ ಮುಗಿಯಿತು. ದೊಡ್ಡ ಯುದ್ಧ ನಡೆಯುತ್ತಿದ್ದ ವರ್ಷಗಳು ಅವು. ಅಕ್ಕಿಗೆ ಕಾರ್ಡು, ಸಕ್ಕರೆಗೆ ಕಾರ್ಡು. ಸೀಮೆಎಣ್ಣೆಗೆ ಕಾರ್ಡು ಇತ್ತು, ಎಣ್ಣೆ ಇರಲಿಲ್ಲ. ನನ್ನ ವಯಸ್ಸಿನವರು ಯಾರಾದರೂ ಇದನ್ನು ಓದುತ್ತಿದ್ದರೆ ಸೀಸೆಯ ತಳದಲ್ಲಿ ಉಳಿದ ಎಣ್ಣೆಯನ್ನು ತಲೆಕೆಳಗು ಮಾಡಿ ಕಾದದ್ದು ನೆನಪಾಗಿ ನಕ್ಕಾರು.

ಮೈಸೂರಿನಿಂದ ಕೋಟೆ ಊರಿನ ಮೇಲೆ ಹಾದು ಸಂಜೆ ಹೊತ್ತಿಗೆ ನಮ್ಮೂರಿಗೆ ಒಂದು ಬಸ್ಸು ಬರುತ್ತಿತ್ತು. ಪೆಟ್ರೋಲು ಯುದ್ಧಕ್ಕೆ ಹೋಗಿಬಿಟ್ಟಿದ್ದರಿಂದ ಅದು ಇದ್ದಿಲಿನಲ್ಲಿ ಓಡುವ ಬಸ್ಸು. ಬೆನ್ನಿಗೆ ಒಂದು ದೊಡ್ಡ ಕಬ್ಬಿಣದ ಪೀಪಾಯಿ, ಅದರೊಳಗೆ ಇದ್ದಿಲ ಬೆಂಕಿ, ಪಕ್ಕದಲ್ಲಿ ಗಾಳಿ ಹಾಕಲು ತಿರುಗಿಸುವ ಹಿಡಿ. ಆ ಬಸ್ಸು ಬಂದರೆ ಊರಿಗೆಲ್ಲ ಅಗಸರ ಇಸ್ತ್ರಿಪೆಟ್ಟಿಗೆಯ ವಾಸನೆ. ಅದರಲ್ಲೇ ಪಟೇಲರ ಪೇಪರು ಬರುತ್ತಿತ್ತು. ಚಾವಡಿಯಲ್ಲಿ ನಮ್ಮ ಶಾಲೆಯ ಮೇಷ್ಟ್ರು ಅದನ್ನು ಊರಿಗೆಲ್ಲ ಓದಿ ಹೇಳುತ್ತಿದ್ದರು. ಗಂಡಸರು ಚಾವಡಿಯ ಮೇಲೆ, ಹೆಂಗಸರು ಎದುರು ಜಗಲಿಯ ಮೇಲೆ, ನಾವು ಹುಡುಗಿಯರು ಕುಂಟೆಬಿಲ್ಲೆ ಬಿಟ್ಟು ಬಂದು ಮೆಟ್ಟಿಲ ಮೇಲೆ. ಬೇಯಿಸಿದ ಹಸಿ ಕಡಲೆಕಾಯಿ ಕೈಯಿಂದ ಕೈಗೆ ಹೋಗುತ್ತಿತ್ತು.

ಮೊದಲ ಹಾಳೆ ಹಗಲಿನ ಬೆಳಕಿನಲ್ಲೇ ಮುಗಿಯುತ್ತಿತ್ತು. ಉಳಿದದ್ದಕ್ಕೆ ದೀಪ. ದೀಪಕ್ಕೆ ಎಣ್ಣೆ ತರುವುದು ದಿನಕ್ಕೊಂದು ಮನೆಯ ಸರದಿ. ಯಾರ ಮನೆಯ ಎಣ್ಣೆಯೋ, ಯಾವ ಸುದ್ದಿ ಮೊದಲು ಎಂದು ಹೇಳುವ ಹಕ್ಕು ಅವರದು. ಪಟೇಲರಿಗೆ ಅರಮನೆ ದರಬಾರಿನ ಸುದ್ದಿ ಮೊದಲು, ಅಂಗಡಿ ಶೆಟ್ಟರಿಗೆ ಧಾರಣೆ ಮೊದಲು. ನಮ್ಮ ಮನೆಯ ಸರದಿ ಬಂದಾಗ ನಮ್ಮಜ್ಜಿ ಜಗಲಿಯಿಂದಲೇ "ಕುಸ್ತಿ ಓದಿ ಮೇಷ್ಟ್ರೇ" ಎಂದು ಕೂಗುತ್ತಿದ್ದಳು.

ಬತ್ತಿ ಆರಿದರೆ ಮೇಷ್ಟ್ರು ಎಲ್ಲಿದ್ದರೋ ಅಲ್ಲಿಗೇ ನಿಲ್ಲಿಸಿ ಪೇಪರು ಮಡಚುತ್ತಿದ್ದರು. ಒಮ್ಮೆ "ಜರ್ಮನಿಯ ಸೈನ್ಯವು ನದಿಯನ್ನು ದಾಟಿ" ಎನ್ನುವಲ್ಲಿಗೆ ದೀಪ ಹೋಯಿತು. ದಾಟಿ ಏನಾಯಿತು? ಮಾರನೆಯ ದಿನದವರೆಗೂ ಊರಿನಲ್ಲಿ ಅದೇ ಮಾತು. "ಒದ್ದೆ ಬಟ್ಟೇಲಿ ನಡುಗ್ತಾ ಕುಂತವ್ರೆ ಬುಡಿ" ಎಂದರು ಪಟೇಲರು. ಕಪಿಲೆಯ ದಡದಲ್ಲಿ ಹುಟ್ಟಿದ ನಮ್ಮಜ್ಜಿ ಒಪ್ಪಲಿಲ್ಲ. "ಅಷ್ಟು ಜನಕ್ಕೆ ಅರಿಗೋಲು ಕೊಟ್ಟೋರ್ ಯಾರು? ಮೊದ್ಲು ಅದ್ನ ಯೋಳಿ" ಎಂದು ಜಗಳಕ್ಕೇ ನಿಂತಳು.

ಕರೆಂಟಿನ ವಿಷಯ ಬಂದರಂತೂ ಪೇಪರೇ ಬೇಕಿರಲಿಲ್ಲ. ಶಿವನಸಮುದ್ರದಲ್ಲಿ ಹುಟ್ಟುವ ಕರೆಂಟು ನಮ್ಮನ್ನು ಬಿಟ್ಟು ಕೋಲಾರದ ಚಿನ್ನದ ಗಣಿಗೆ ಯಾಕೆ ಹೋಗಬೇಕು ಎನ್ನುವುದು ನಮ್ಮ ಚಾವಡಿಯ ಹಳೆಯ ಮೊಕದ್ದಮೆ. "ಚಿನ್ನ ಅಗಿಯೋಕೆ ದೀಪ, ನಾವು ರಾಗಿ ಬೀಸೋದು ಕತ್ಲಲ್ಲಿ" ಎಂದು ಅಜ್ಜಿ. "ಮಾರಾಜ್ರಿಗೆ ಒಂದು ಅರ್ಜಿ ಹಾಕ್ಬೇಕು ಕಣಮ್ಮ" ಎಂದು ಪಟೇಲರು. ಆ ಅರ್ಜಿಯನ್ನು ನನಗೆ ತಿಳಿದ ಹಾಗೆ ಯಾರೂ ಯಾವತ್ತೂ ಬರೆಯಲಿಲ್ಲ. ಬರೆದುಬಿಟ್ಟಿದ್ದರೆ ಮಾತಾಡಲು ಏನು ಉಳಿಯುತ್ತಿತ್ತು?

ಅಜ್ಜಿಗೆ ಕುಸ್ತಿಯ ಹುಚ್ಚು ಹಿಡಿಯಲು ಕಾರಣ ನಮ್ಮ ಚಿಕ್ಕಪ್ಪ ನಂಜಪ್ಪ. ಗರಡಿಯ ಕೆಮ್ಮಣ್ಣು ಮೆತ್ತಿಕೊಂಡು ಮನೆಗೆ ಬಂದು, ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡೇ ಬಾವಿಯಿಂದ ನೀರು ಸೇದುತ್ತಿದ್ದ. ಅವನಿಗೆ ಹಾಲು, ಬೆಣ್ಣೆ, ನೆನೆಸಿದ ಬಾದಾಮಿ ಎಲ್ಲ ಬೇಕು. ನಮ್ಮಪ್ಪನಿಗೆ ಇದನ್ನು ಕಂಡರೆ ಆಗುತ್ತಿರಲಿಲ್ಲ. ಊರಿಗೆಲ್ಲ ರಾಗಿಗೆ ಗತಿಯಿಲ್ಲದಿರುವಾಗ ಈ ಮಹಾರಾಯನಿಗೆ ಬಾದಾಮಿ ಎಂದು ಗೊಣಗುತ್ತಿದ್ದ. ಆ ವರ್ಷ ಚಿಕ್ಕಪ್ಪನಿಗೆ ಮೈಸೂರು ದಸರಾ ಕುಸ್ತಿಗೆ ಕರೆ ಬಂತು. ಅಪ್ಪ ಪಟ್ಟು ಹಿಡಿದ. "ಓಗು. ಗೆದ್ರೆ ಗರಡಿಗೆ ಓಗು, ನಾನು ಬಾಯಿ ಬುಡಾಕಿಲ್ಲ. ಸೋತ್ರೆ ಲಂಗೋಟಿ ಬಿಚ್ಚಿಟ್ಟು ಕಾಡಿಗೆ ನಡಿ, ಇದ್ಲು ಸುಡೋ ಕೆಲ್ಸ ಗೊತ್ತು ಮಾಡಿವ್ನಿ."

"ಆಯ್ತು ಕಣಣ್ಣಾ" ಎಂದ ಚಿಕ್ಕಪ್ಪ. ಅವನು ಯಾವುದಕ್ಕೂ ಹಾಗೇ ಹೇಳುವವನು. ಬಸ್ಸು ಹತ್ತುವಾಗ ನನ್ನ ಕೆನ್ನೆ ಹಿಂಡಿ ಹೋದ. ಕಾಡಿಗೆ ಹೋದವರು ತಿಂಗಳುಗಟ್ಟಲೆ ಊರಿಗೆ ಬರುತ್ತಿರಲಿಲ್ಲ, ಬಂದರೂ ಕೆಮ್ಮುತ್ತಾ ಬರುತ್ತಿದ್ದರು. ನನಗೆ ಊಟ ಸೇರಲಿಲ್ಲ.

ಹಬ್ಬ ಮುಗಿಯುವವರೆಗೂ ಚಿಕ್ಕಪ್ಪ ಮೈಸೂರಿನಲ್ಲೇ ಇರುವವನು. ಸೋಲು ಗೆಲುವು ಪೇಪರಿನಿಂದಲೇ ತಿಳಿಯಬೇಕು. ಅವನ ಜೋಡಿಯ, ಎಂದರೆ ಅವನ ಪಂದ್ಯದ, ಸುದ್ದಿ ಬರುವ ದಿನ ಎಣ್ಣೆಯ ಸರದಿ ಯಾರದೆಂದರೆ, ಪಕ್ಕದ ಮನೆಯ ಕಾಳಮ್ಮನದು. ಕಾಳಮ್ಮನಿಗೆ ಇದ್ದವನು ಒಬ್ಬನೇ ಮಗ, ಮಾದೇವ. ಲಾರಿ ಓಡಿಸುವವನಾಗಿ ಮಿಲಿಟರಿ ಸೇರಿ ಬರ್ಮಾ ಕಡೆಗೆ ಹೋಗಿದ್ದ. ಅವಳ ಎಣ್ಣೆಯಲ್ಲಿ ಯುದ್ಧದ ಸುದ್ದಿ ಬಿಟ್ಟು ಬೇರೆ ಓದುವಂತಿರಲಿಲ್ಲ. ಲಾರಿ ಓಡಿಸುವವನ ಹೆಸರು ಪೇಪರಿನಲ್ಲಿ ಬರುವುದಿಲ್ಲ ಎಂದು ಅವಳಿಗೂ ಗೊತ್ತು. ಆದರೂ ಬರ್ಮಾ ಎನ್ನುವ ಮಾತು ಬಂದಾಗಲೆಲ್ಲ ಸೆರಗನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತಿದ್ದಳು.

"ಅಜ್ಜೀ, ಇವತ್ತೊಂದಿನ ಸರದಿ ಬದಲು ಮಾಡ್ಕೋ ಅಂತ ಕಾಳಮ್ಮತ್ತೇನ ಕೇಳು" ಎಂದು ನಾನು ಬೆಳಗ್ಗೆಯಿಂದ ಪೀಡಿಸಿದೆ.

ಅಜ್ಜಿ ಒಲೆಯ ಮುಂದಿನಿಂದ ಏಳಲಿಲ್ಲ. "ಅವ್ಳ ಮಗ ಗುಂಡಿನ ಮಧ್ಯೆ ಅವ್ನೆ. ನನ್ ಮಗ ಮಣ್ಣಲ್ಲಿ ಒಳ್ಳಾಡ್ತಾ ಅವ್ನೆ. ಯಾವ ಬಾಯಲ್ಲಿ ಕೇಳ್ಲಿ ಕೂಸೇ?"

ಅವತ್ತೇ ಬಸ್ಸು ತಡವಾಗಬೇಕೇ! ಊರಾಚೆಯ ಏರಿನಲ್ಲಿ ಉಸಿರು ಕಟ್ಟಿ ನಿಂತಿತಂತೆ. ಊರಿನ ಗಂಡಸರೆಲ್ಲ ಹೋಗಿ ತಳ್ಳಿಕೊಂಡು ಬಂದರು. ಅದು ಚಾವಡಿಯ ಮುಂದೆ ಬಂದು ನಿಲ್ಲುವ ಹೊತ್ತಿಗೆ ಕತ್ತಲಾಗಿತ್ತು. ಮೊದಲ ಅಕ್ಷರದಿಂದಲೇ ದೀಪ ಬೇಕಾಯಿತು. ಮೇಷ್ಟ್ರು ಬರ್ಮಾ ಓದಿದರು, ಬಂಗಾಳ ಓದಿದರು. ಯಾರೂ ಅವಸರ ಮಾಡಲಿಲ್ಲ. ಕಡಲೆಕಾಯಿ ಸಿಪ್ಪೆಯ ಸದ್ದೂ ಇರಲಿಲ್ಲ. ಎಲ್ಲರ ಕಣ್ಣೂ ಪೇಪರು ಬಿಟ್ಟು ಬತ್ತಿಯ ಮೇಲೆ. ಅಪ್ಪ ಮಾತ್ರ ತನಗೂ ಇದಕ್ಕೂ ಸಂಬಂಧವೇ ಇಲ್ಲ ಎನ್ನುವ ಹಾಗೆ ಕಂಬಕ್ಕೆ ಒರಗಿ ಬೀಡಿ ಸೇದುತ್ತಿದ್ದ. ಆ ಬೀಡಿ ಆರಿಹೋಗಿ ಎಷ್ಟೋ ಹೊತ್ತಾಗಿತ್ತು.

ಮೇಷ್ಟ್ರು ಹಾಳೆ ಮಗುಚಿ "ದಸರಾ ಕುಸ್ತಿ ಪಂದ್ಯಗಳು" ಎಂದರು. ದೀಪ ಒಮ್ಮೆ ಚಿಟಗುಟ್ಟಿ ಆರಿತು.

ನನಗೆ ಅಳುವೇ ಬಂದುಬಿಟ್ಟಿತು. ಮೇಷ್ಟ್ರು ಅಭ್ಯಾಸಬಲದಿಂದ ಪೇಪರು ಮಡಚಲು ಶುರುಮಾಡಿದರು. ಆಗ ಕತ್ತಲಲ್ಲಿ ಕಾಳಮ್ಮನ ದನಿ ಕೇಳಿತು. "ಯಾಕೆ ಮಡಚ್ತೀರಿ ಮೇಷ್ಟ್ರೇ? ಬಸ್ಸಿನ ಬೆನ್ನಲ್ಲಿ ಬೇಕಾದಷ್ಟು ಬೆಂಕಿ ಇಲ್ವಾ?"

ಇಡೀ ಚಾವಡಿ ಎದ್ದು ಬಸ್ಸಿನ ಹಿಂದಕ್ಕೆ ಓಡಿತು. ಡ್ರೈವರ್ ಸಾಬರು ಎರಡು ಕೈ ಅಡ್ಡ ಹಿಡಿದು ಪೀಪಾಯಿಯ ಮುಂದೆ ನಿಂತರು. "ಬಾಗ್ಲು ತೆಗದ್ರೆ ಇದ್ಲೆಲ್ಲ ಉರಿದೋಯ್ತದೆ ಕಣ್ರಪ್ಪೋ! ಬೆಳಗ್ಗೆ ನಾನು ಬಸ್ಸಿಗೆ ಏನು ತಿನ್ನುಸ್ಲಿ?"

"ನಾನು ಕೊಡ್ತೀನಿ ಒಂದು ಮೂಟೆ, ತೆಗೀರಿ ಸಾಬ್ರೇ" ಎಂದಿತು ಒಂದು ದನಿ. ತಿರುಗಿ ನೋಡಿದರೆ ನಮ್ಮಪ್ಪ.

ಸಾಬರು ಕೆಳಗಿನ ಬಾಗಿಲು ತೆರೆದರು. ಕೆಂಪು ಬೆಳಕು ಎಲ್ಲರ ಕಾಲ ಮೇಲೆ ಚೆಲ್ಲಿತು. ಮೇಷ್ಟ್ರು ಪಂಚೆ ಮೇಲಕ್ಕೆ ಕಟ್ಟಿ ಕುಕ್ಕರುಗಾಲಲ್ಲಿ ಕೂತು ಪೇಪರನ್ನು ಬೆಂಕಿಗೆ ಹಿಡಿದರು. ಗಾಳಿ ಹಾಕುವ ಹಿಡಿ ನನ್ನ ಪಕ್ಕದಲ್ಲೇ ಇತ್ತು. "ತಿರುಗ್ಸು ಕೂಸೇ" ಎಂದಳು ಅಜ್ಜಿ. ನಾನು ಜೋರಾಗಿ ತಿರುಗಿಸಿದರೆ ಬೆಂಕಿ ಕೆಂಪಾಗಿ ಮೇಷ್ಟ್ರು ಬಡಬಡನೆ ಓದುವರು, ಕೈ ಸೋತು ನಿಧಾನವಾದರೆ ಅವರೂ ತಡವರಿಸುವರು. ಒಂದು ಸಲ ಕಿಡಿ ಹಾರಿ ಪಟೇಲರ ಮೀಸೆಯ ತುದಿ ಸುಟ್ಟಿತು. ಅವರು ಕದಲಲಿಲ್ಲ.

"ಸರಗೂರಿನ ನಂಜಪ್ಪನ ಜೋಡಿಯು ಬಹಳ ಹೊತ್ತು ನಡೆದು ನೋಡುಗರೆಲ್ಲ ಎದ್ದು ನಿಲ್ಲುವಂತಾಯಿತು. ಕೊನೆಗೆ ನಂಜಪ್ಪನು..."

ನನ್ನ ಕೈ ನಿಂತುಹೋಯಿತು. ಬೆಂಕಿ ಮಂಕಾಯಿತು. "ತಿರುಗ್ಸೇ!" ಎಂದು ಇಡೀ ಊರು ಒಟ್ಟಿಗೆ ಕಿರುಚಿತು. ಕಾಳಮ್ಮ ಬಂದು ನನ್ನ ಕೈಮೇಲೆ ಕೈಯಿಟ್ಟು ತಾನೂ ತಿರುಗಿಸಿದಳು.

"...ಕೊನೆಗೆ ನಂಜಪ್ಪನು ಚಿತ್ ಆಗಿ ಸೋತನು."

ನಾನು ಅಪ್ಪನ ಮುಖ ನೋಡಲಾರದೆ ಅಜ್ಜಿಯ ಸೀರೆಯಲ್ಲಿ ಮುಖ ಮುಚ್ಚಿಕೊಂಡೆ. ಪಟೇಲರು ನಿಧಾನವಾಗಿ ಕೇಳಿದರು. "ಸರಗೂರು ಅಂತ ಅದೆಯಾ ಮೇಷ್ಟ್ರೇ? ಅಚ್ಚಾಗದೆಯಾ?"

"ಅಚ್ಚಾಗದೆ. ನೋಡಿ, ಇಲ್ಲಿ."

ಓದು ಬಾರದವರೆಲ್ಲ ಬಗ್ಗಿ ಬಗ್ಗಿ ನೋಡಿದರು. ನಮ್ಮೂರಿನ ಹೆಸರು ಪೇಪರಿನಲ್ಲಿ! ಜರ್ಮನಿ, ಜಪಾನು, ಬರ್ಮಾ ಇದ್ದ ಪೇಪರಿನಲ್ಲೇ! ಇನ್ನೊಂದು ಸಲ ಓದಿ ಎಂದರು. ಮೇಷ್ಟ್ರು ಓದಿದರು. ಇನ್ನೂ ಒಂದು ಸಲ ಎಂದರು.

"ಎಂಗೆ ಚಿತ್ತಾದ ಅಂತ ಬರ್ದಿಲ್ವಾ?" ಎಂದು ಕೇಳಿದವನು ಅಪ್ಪ.

"ಇಲ್ಲ."

"ಎಡಗಾಲು ಕೊಟ್ಟಿರ್ತಾನೆ ಬುಡಿ. ಅವ್ನು ಯಾವಾಗ್ಲೂ ಎಡಗಾಲು ಮುಂದಿಕ್ತಾನೆ. ಗರಡಿ ಕಿಟಕೀಲಿ ನೋಡಿ ನೋಡಿ ನಂಗೆ ಸಾಕಾಗದೆ."

ಗರಡಿಯ ಕಿಟಕಿಯಲ್ಲಿ ಅಪ್ಪ! ಅಜ್ಜಿ ಕಣ್ಣರಳಿಸಿದಳು. ಪಟೇಲರು ಎಡಗಾಲಲ್ಲ, ಕತ್ತು ಕೊಟ್ಟಿರಬೇಕು ಎಂದರು. ಅಪ್ಪನಿಗೆ ರೇಗಿತು. "ಕತ್ತೆಂಗೆ ಕೊಡ್ತಾನೆ? ಇಂಗೆ ಇಡ್ಕೊಳಿ ನೋಡುವಾ" ಎಂದು ಪಟೇಲರ ಕೈಯನ್ನು ತನ್ನ ಕತ್ತಿನ ಮೇಲಿಟ್ಟು ತಾನು ಕಾಲು ಹಾಕಿದ. ಹೇಗಾಯಿತೋ ದೇವರಿಗೇ ಗೊತ್ತು. ಮರುಕ್ಷಣ ನಮ್ಮಪ್ಪ ಬಸ್ಸಿನ ಬೂದಿಯಲ್ಲಿ ಅಂಗಾತ ಬಿದ್ದಿದ್ದ. ಪಟೇಲರು ಅವನ ಮೇಲೆ.

ಅಜ್ಜಿ ಸೊಂಟದ ಮೇಲೆ ಕೈಯಿಟ್ಟು ನಿಂತಳು. "ನೀನೂ ಚಿತ್ ಆದೆ ಕಣಪ್ಪ. ಸೋತೋರು ಇದ್ಲು ಸುಡೋಕೆ ಓಗ್ಬೇಕಂತಲ್ಲ. ಬೆಳಗ್ಗೆ ಬುತ್ತಿ ಕಟ್ಲಾ?"

ಆ ನಗು ಇವತ್ತಿಗೂ ನನ್ನ ಕಿವಿಯಲ್ಲಿದೆ. ಡ್ರೈವರ್ ಸಾಬರು ಬಸ್ಸಿಗೆ ಒರಗಿ ಕಣ್ಣೊರೆಸಿಕೊಂಡರು. ಕಾಳಮ್ಮ ನಕ್ಕು ನಕ್ಕು ಕೆಮ್ಮು ಹತ್ತಿ ನೆಲದ ಮೇಲೆ ಕುಳಿತುಬಿಟ್ಟಳು. ಮಗ ಹೋದಂದಿನಿಂದ ಅವಳು ನಕ್ಕಿದ್ದನ್ನು ನಾನು ನೋಡಿರಲಿಲ್ಲ. ಅಪ್ಪನೂ ಬೂದಿ ಕೊಡವಿಕೊಳ್ಳುತ್ತಾ ನಕ್ಕ. ಕಾಡಿನ ಕೆಲಸದ ಮಾತು ಅಲ್ಲಿಗೆ ಮುಗಿಯಿತು. ಚಿಕ್ಕಪ್ಪ ತಲೆ ತಗ್ಗಿಸಿ ಬಸ್ಸಿಳಿದ ದಿನ ಅಪ್ಪ ಅವನನ್ನು ಮೊದಲು ಕೇಳಿದ ಮಾತು, "ಎಡಗಾಲಾ, ಕತ್ತಾ?"

"ಎಡಗಾಲು ಕಣಣ್ಣಾ" ಎಂದ ಚಿಕ್ಕಪ್ಪ. ಅಪ್ಪ ಅವತ್ತು ಪಟೇಲರ ಮನೆಯ ಮುಂದೆ ಎರಡು ಸಲ ಸುಮ್ಮಸುಮ್ಮನೆ ಓಡಾಡಿದ.

ಆಮೇಲೆ ನಮ್ಮ ಮನೆಯ ಸರದಿ ಬಂದಾಗ ಮೇಷ್ಟ್ರು ಕೇಳದೆಯೇ ಆಟದ ಹಾಳೆ ತೆರೆದರು. ಅಜ್ಜಿ ಬೇಡವೆಂದಳು. "ಮೊದ್ಲು ಬರ್ಮಾ ಓದಿ" ಎಂದಳು. ಕಾಳಮ್ಮನ ಸರದಿ ಬಂದಾಗ ಅವಳು "ಮೊದ್ಲು ಕುಸ್ತಿ ಓದಿ ಮೇಷ್ಟ್ರೇ, ನಂಜನ ಎಸ್ರು ಅದೆಯಾ ನೋಡಿ" ಎಂದಳು. ಇಬ್ಬರೂ ಇದರ ಬಗ್ಗೆ ಒಂದು ಮಾತೂ ಆಡಿಕೊಂಡವರಲ್ಲ. ಯುದ್ಧ ಮುಗಿದು ಮಾದೇವ ಮನೆಗೆ ಬರುವವರೆಗೂ ಹಾಗೇ ನಡೆಯಿತು, ಅವಳ ಎಣ್ಣೆಯಲ್ಲಿ ನಮ್ಮ ಸುದ್ದಿ, ನಮ್ಮ ಎಣ್ಣೆಯಲ್ಲಿ ಅವಳ ಸುದ್ದಿ.

ಕರೆಂಟು ಆಮೇಲೆ ಬಂತು. ಬಂದದ್ದು ಒಳ್ಳೆಯದೇ ಆಯಿತು. ಹೊಗೆ ಕುಡಿದು ಕಣ್ಣು ಕಳೆದುಕೊಂಡವರನ್ನು ನೋಡಿದವಳು ನಾನು, ಕತ್ತಲೆಯನ್ನು ಹೊಗಳುವ ಹುಚ್ಚು ನನಗಿಲ್ಲ. ಈಗ ಹುಣಸೂರಿನಲ್ಲಿ ಮಗಳ ಮನೆಯಲ್ಲಿದ್ದೇನೆ. ಕೋಣೆಗೊಂದು ದೀಪ, ಕೈಗೊಂದು ಫೋನು. ಮೊನ್ನೆ ಯಾವುದೋ ಪಂದ್ಯ ನಡೆಯುತ್ತಿತ್ತು. ಪಕ್ಕದ ಮನೆಯಲ್ಲಿ ಹೋ ಎಂದು ಕೂಗಿದರು. ನಮ್ಮ ಮನೆಯಲ್ಲಿ ಮೊಮ್ಮಗ ತನ್ನ ಕೋಣೆಯಲ್ಲಿ ಒಬ್ಬನೇ ಕೂಗಿದ. ನಾನು ಗೋಡೆ ಹಿಡಿದುಕೊಂಡು ಅವನ ಬಾಗಿಲಿಗೆ ಹೋಗಿ "ಯಾರು ಗೆದ್ದರೋ?" ಎಂದೆ.

ಒಳ್ಳೆಯ ಹುಡುಗ ಅವನು. ಎದ್ದು ಬಂದು, ನನ್ನ ಫೋನಿನಲ್ಲಿ ಆ ಪಂದ್ಯವನ್ನು ಹಾಕಿ, ಅದನ್ನು ನನ್ನ ಕೈಗೆ ಕೊಟ್ಟು, "ನೀನೇ ನೋಡ್ಕೋ ಅಜ್ಜಿ" ಎಂದು ಬಾಗಿಲು ಮುಂದೆ ಮಾಡಿಕೊಂಡ.