ಕನ್ನಡ ಮಾತು ಸ್ವಲ್ಪ ಉದ್ದ

ಕೂಗುವಾಗ ಅವನ ಕೊರಳಿನ ನರ ಹೆಬ್ಬೆರಳಿನಷ್ಟು ದಪ್ಪಗೆ ಉಬ್ಬುತ್ತಿತ್ತು. ಕಣ್ಣು ಮುಚ್ಚಿ, ಗದ್ದ ಎತ್ತಿ, ಹಲಗೆಗೆ ಎರಡೇಟು ಹಾಕಿ "ಕೇಳ್ರಪ್ಪೋ ಕೇಳ್ರಿ!" ಎಂದನೆಂದರೆ ಮಸ್ಕಿಯ ಓಣಿಯ ನಾಯಿಗಳೂ ಸುಮ್ಮನಾಗುತ್ತಿದ್ದವು. ಅದು ನಿಜಾಮನ ಕಾಲ. ಸರ್ಕಾರದ ಹುಕುಂ ಉರ್ದುವಿನಲ್ಲಿ ಬರುತ್ತಿತ್ತು, ನಮ್ಮ ಜನಕ್ಕೆ ಗೊತ್ತಿದ್ದದ್ದು ಕನ್ನಡ. ನಡುವೆ ನಿಂತವನು ಈ ಡಂಗುರದವನು.

"ನಿಮ್ಮ ಗುರುಗಳು ಯಾರು?" ಎಂದು ಸಭೆಗಳಲ್ಲಿ ಕೇಳುತ್ತಾರೆ. ಇತಿಹಾಸದ ಕಾದಂಬರಿ ಬರೆಯುವವಳು ಯಾವುದೋ ದೊಡ್ಡ ಹೆಸರು ಹೇಳುತ್ತಾಳೆಂದು ಕಾಯುತ್ತಾರೆ. ಡಂಗುರದವನು ಎಂದರೆ ನಗುತ್ತಾರೆ. ನಗಲಿ ಬಿಡಿ, ನನಗೇನು!

ಹುಕುಮನ್ನು ಇದ್ದದ್ದು ಇದ್ದ ಹಾಗೆ ಒಪ್ಪಿಸಿ ಹೋಗುವ ಆಸಾಮಿಯೇ ಅಲ್ಲ ಅವನು. ಜನ ಗುಂಪು ಸೇರಬಾರದೆಂದು ಹುಕುಂ ಬಂದಾಗ ಊರನ್ನೆಲ್ಲ ಚಾವಡಿಯ ಮುಂದೆ ಸೇರಿಸಿ, "ಕೂಡಬ್ಯಾಡ್ರಿ ಅಂತ ಹೇಳಾಕ ನಿಮ್ಮನ್ನ ಕೂಡಿಸೀನ್ರಪ್ಪೋ!" ಎಂದ. ಜನ ಬಿದ್ದು ಬಿದ್ದು ನಕ್ಕರು. ಅಧಿಕಾರಕ್ಕೆ ನಗು ಎಂಥ ಪೆಟ್ಟು ಎಂಬುದನ್ನು ನಾನು ಅಲ್ಲೇ ಕಲಿತೆ.

ನನ್ನ ಅಣ್ಣ ನದಿ ದಾಟಿ ನಿಜಾಮನ ಗಡಿಯಾಚೆ ಹೋಗಿ, ಅವನ ವಿರುದ್ಧ ಹೋರಾಡುವವರ ಜೊತೆ ಸೇರಿದ್ದ. ಒಮ್ಮೆ ಜ್ವರ ಹತ್ತಿ, ಕದ್ದು ಮನೆಗೆ ಬಂದು ಅಟ್ಟದ ಮೇಲೆ ಮಲಗಿದ್ದ. ಸಿಕ್ಕರೆ ಗುಂಡೇ ಗತಿ. ಬೆಳಿಗ್ಗೆ ಹಲಗೆಯ ಸದ್ದು ನಮ್ಮ ಬಾಗಿಲಿಗೇ ಬಂದು ನಿಂತಿತು. ಜೊತೆಗೆ ಪೊಲೀಸರು, ಕನ್ನಡದ ಗಂಧವೂ ಇಲ್ಲದ ಅವರ ಜಮಾದಾರ. ಅವನು ಉರ್ದುವಿನಲ್ಲಿ ಎರಡು ಸಾಲು ಓದಿದ. ನಮ್ಮವನು ಶುರು ಮಾಡಿದ:

"ಬಂಡೆದ್ದವರಿಗೆ ಜಾಗಾ ಕೊಟ್ಟವರ ಮನಿ ಜಪ್ತಿ ಆಗತೈತ್ರಪ್ಪೋ!" ಹಲಗೆಗೆ ಒಂದೇಟು. ಮತ್ತೆ ಅದೇ ರಾಗ: "ತ್ವಾಳ ಹಳ್ಳದ ದಂಡಿಗೆ ಕುಂತಾವ್ರಪ್ಪೋ! ಗುಡ್ಡದ ಕಡಿ ಒಂದೂ ಇಲ್ಲ! ಮರಿ ಬಿಡೋರು ಈಗಿಂದೀಗ ಬಿಡ್ರಿ!"

ಪೊಲೀಸ್ ಎಂದಿದ್ದರೆ ಜಮಾದಾರನಿಗೆ ತಿಳಿದುಬಿಡುತ್ತಿತ್ತಲ್ಲ, ಅದಕ್ಕೇ ತೋಳ! ಅವ್ವ ರೊಟ್ಟಿ ಹಿಟ್ಟಿನ ಕೈಯಲ್ಲೇ ಅಣ್ಣನ ರಟ್ಟೆ ಹಿಡಿದು ಹಿತ್ತಲಿಗೆ ನೂಕಿದಳು. "ಓಡೋ ನನ್ನಪ್ಪಾ, ಗುಡ್ಡ ಹತ್ತು!"

ಇಷ್ಟು ಚಿಕ್ಕ ಹುಕುಂ ಇಷ್ಟುದ್ದ ಯಾಕಾಯಿತೆಂದು ಹೊರಗೆ ಜಮಾದಾರ ಹುಬ್ಬು ಗಂಟಿಕ್ಕಿದ. "ಹುಕುಂ ಛೋಟಾ ಹೈ, ಇತನಾ ಲಂಬಾ ಕ್ಯೂಂ ರೇ?"

"ಕನ್ನಡ ಮಾತು ಐಸಾಚ್ ಲಂಬಾ ಸಾಬ್!" ಎಂದ ನಮ್ಮ ಪುಣ್ಯಾತ್ಮ.

ಮನೆಯನ್ನೆಲ್ಲ ಜಾಲಾಡಿದರು, ಅಣ್ಣ ಸಿಗಲಿಲ್ಲ. ಆ ಭಯದ ನಡುವೆಯೂ ನನಗೆ ನಗು ತಡೆಯದು! ಸರ್ಕಾರದ ಕಡತದಲ್ಲಿ ಆ ದಿನದ್ದೇನಾದರೂ ಉಳಿದಿದ್ದರೆ ಜಮಾದಾರನ ಎರಡು ಸಾಲು ಉಳಿದಿರಬೇಕು. ತೋಳ, ಗುಡ್ಡ, ಮರಿ ಅಲ್ಲಿ ಎಲ್ಲಿ ಸಿಗಬೇಕು? ಆ ಉದ್ದದ ಮಾತಿಗಾಗಿಯೇ ನಾನು ಕಾದಂಬರಿ ಬರೆಯುವುದು.

ನಿಜಾಮನ ಆಳ್ವಿಕೆ ಮುಗಿದು ಅಣ್ಣ ಮನೆಗೆ ಬಂದ. ಸ್ವಲ್ಪ ಕಾಲಕ್ಕೆ ಡಂಗುರದವನು ತೀರಿಕೊಂಡ. ಊರಿನಲ್ಲಿ ಯಾರು ಸತ್ತರೂ ಸಾರುತ್ತಿದ್ದವನು ಅವನೇ, ಈಗ ಅವನ ಸಾವನ್ನು ಸಾರುವವರಿಲ್ಲ. ಅಣ್ಣ ಅವನ ಕೇರಿಗೆ ಹೋಗಿ ಹಲಗೆ ಕೇಳಿ ತಂದು ಕೊರಳಿಗೆ ಹಾಕಿಕೊಂಡ.

ಅಪ್ಪ ಬಾಗಿಲಿಗೆ ಅಡ್ಡ ನಿಂತರು. "ಗೌಡ್ರ ಮಗ ಹಲಗಿ ಹಿಡದು ಓಣಿ ತಿರುಗ್ತೀಯೇನಲೇ? ಅವ ನಮಗೇನಾಗಬೇಕು?"

ಅಣ್ಣ ಪಕ್ಕಕ್ಕೆ ಸರಿದು ಹೊರಬಿದ್ದ. ಏಟು ತಪ್ಪುತಪ್ಪಾಗಿ ಬೀಳುತ್ತಿತ್ತು. ಜನ ಬಾಗಿಲಿಗೆ ಬಂದು ನಿಂತರು. ಅವನು ಊರಿಗೆಲ್ಲ ಕೇಳುವಂತೆ ಕೂಗಿದ:

"ಕೇಳ್ರಪ್ಪೋ ಕೇಳ್ರಿ! ನಮ್ಮ ಕಾಕಾ ಹೋಗ್ಯಾನ!"