ಅಣ್ಣ ಓದದೆ ಬಿಟ್ಟ ಪುಟಗಳು

ಹೈದರಾಬಾದಿನ ಸನತ್‌ನಗರದ ಆ ಮನೆಯಲ್ಲಿ ನನಗೆ ಕುಳಿತಲ್ಲಿ ಕೂರಲಾಗಲಿಲ್ಲ. ಅಚ್ಚಾದ ಪುಸ್ತಕ ಓದಲಾಗದವರ ಬದುಕನ್ನು ಅವರ ಬಾಯಿಂದಲೇ ಕೇಳಿ ರೆಕಾರ್ಡ್ ಮಾಡುವುದು ನನ್ನ ಕೆಲಸ. ಎದುರಿಗಿದ್ದವರು ಹುಟ್ಟಿನಿಂದ ಕಣ್ಣು ಕಾಣದ ಒಬ್ಬ ಅಕ್ಕ, ಸರ್ಕಾರಿ ಕಚೇರಿಯೊಂದರಲ್ಲಿ ಟೆಲಿಫೋನ್ ಆಪರೇಟರ್. ಪ್ರಶ್ನೆ ಅವರಿಗೆ, ಉತ್ತರ ಪಕ್ಕದಲ್ಲಿದ್ದ ಅವರ ಅಣ್ಣನದು.

“ಡಿಗ್ರಿ ಹೆಂಗ ಓದಿದ್ರಿ ಅಕ್ಕಾ?”

“ನಾ ಓದಿಸಿದ್ದು ಮೇಡಂ. ಫ್ಯಾಕ್ಟರಿ ಡ್ಯೂಟಿ ಮುಗಿಸಿ ಬಂದು ಒಂದೊಂದು ಪುಸ್ತಕ ಜೋರಾಗಿ ಓದಿ ಹೇಳೀನಿ. ಆಕಿ ಕುಂತು ಕೇಳ್ಯಾಳ, ಅಷ್ಟ.”

ನಮ್ಮ ಮನೆಯಲ್ಲಿ ಡಿಗ್ರಿ ಮುಗಿಸಿದವರಲ್ಲಿ ನಾನೇ ಮೊದಲಿಗಳು. ರಾಯಚೂರು ಕಡೆಯಿಂದ ಬಂದು ಗಚ್ಚಿಬೌಲಿಯ ಕಟ್ಟಡಗಳಲ್ಲಿ ಸಿಮೆಂಟ್ ಹೊತ್ತ ನಮ್ಮವ್ವನನ್ನು ಯಾರು ಏನು ಕೇಳಿದರೂ ಮೇಸ್ತ್ರಿಯೇ ಉತ್ತರ ಹೇಳುತ್ತಿದ್ದ. ಅದನ್ನು ನೋಡಿ ನೋಡಿಯೇ ಹಟ ಹಿಡಿದು ಓದಿದವಳು ನಾನು. ಹಾಗಾಗಿ ಅಣ್ಣನ ಪ್ರತಿ ಮಾತಿಗೂ ನನ್ನ ಕಾಲು ತಾನಾಗಿ ನೆಲ ಕುಟ್ಟುತ್ತಿತ್ತು.

ಅಷ್ಟರಲ್ಲಿ ಅಣ್ಣನಿಗೆ ಫೋನ್ ಬಂತು. ಹೊರಗೆ ಹೋದರು. ಚಪ್ಪಲಿಯ ಸಪ್ಪಳ ಮೆಟ್ಟಿಲು ಇಳಿಯುವವರೆಗೆ ಅಕ್ಕ ಕಿವಿಗೊಟ್ಟು ಕೇಳಿದರು.

“ರೆಕಾರ್ಡ್ ಚಾಲೂ ಐತೇನು ತಂಗಿ?”

“ಐತ್ರಿ.”

“ಅಣ್ಣ ಓದಿದ್ದು ಖರೆ. ಆದ್ರ ನಡುನಡುವ ಪುಟ ಹಾರಿಸ್ತಿದ್ದ. ಎರಡು ಹಾಳಿ ಕೂಡಿ ತಿರುವಿದ್ರ ಸಪ್ಪಳನ ಬ್ಯಾರೆ. ಕೇಳಿದ್ರ ನಾಳಿಂದ ಓದೂದ ಬಿಟ್ರ ಅಂತ ಅಂಜಿ ಸುಮ್ನಿದ್ದೆ. ಕಾಲೇಜಿನ್ಯಾಗ ಗೆಳತ್ಯಾರ ಬೆನ್ನು ಹತ್ತಿ, ಬಿಟ್ಟಿದ್ದು ಓದಿಸಿ ಟೇಪ್ ಮಾಡ್ಕೊಂತಿದ್ದೆ. ಪಾಸಾಗಿದ್ದು ಹಂಗ. ಮಂದಿ ಮುಂದ ‘ಕುಂತು ಕೇಳ್ಯಾಳ’ ಅಂತಾನಲ್ಲ, ಅದು ಭಾಳ ಚುಚ್ಚತೈತಿ.”

ನಮ್ಮ ಕೆಲಸದಲ್ಲಿ ಒಂದು ಕಟ್ಟಳೆ ಇದೆ. ಹೇಳಿದವರಿಗೆ ಬರಹ ನೋಡಿ ಒಪ್ಪಲು ಆಗುವುದಿಲ್ಲವಲ್ಲ, ಅದಕ್ಕೆ ಹೊರಡುವ ಮುಂಚೆ ರೆಕಾರ್ಡ್ ಆದದ್ದನ್ನೆಲ್ಲ ಅವರಿಗೇ ಕೇಳಿಸಬೇಕು. ಅವರು ಇರಲಿ ಅಂದದ್ದಷ್ಟೇ ಉಳಿಯುತ್ತದೆ. ಆ ಹೊತ್ತಿಗೆ ಅಣ್ಣ ತಿರುಗಿ ಬಂದು ಕುಳಿತಿದ್ದರು. ಅಕ್ಕನ ಕೈಗೆ ಇಯರ್‌ಫೋನ್ ಕೊಡಹೋದೆ. ಸರಿಸಿಬಿಟ್ಟರು.

“ಸ್ಪೀಕರ್‌ನ್ಯಾಗ ಹಚ್ರಿ.”

ಹಚ್ಚಿದೆ. ಅಣ್ಣನ ಮುಖ ನೋಡಲಾಗದೆ ಎದ್ದು ಕಿಟಕಿ ಹತ್ತಿರ ಹೋದೆ, ತಿರುಗಿ ಬಂದೆ, ಮತ್ತೆ ಹೋದೆ. ಧ್ವನಿ ನಿಂತಿತು.

“ಡ್ಯೂಟಿ ಮುಗಿಸಿ ಬಂದ್ರ ಕಣ್ಣು ಎಳೀತಿದ್ವು ಯವ್ವಾ,” ಎಂದರು ಅಣ್ಣ. ಆಮೇಲೆ ನನ್ನ ಕಡೆ ತಿರುಗಿದರು. “ಮೇಡಂ, ಅಷ್ಟು ತೆಗೆದುಬಿಡ್ರಿ.”

“ಅಕ್ಕಾರ್ನ ಕೇಳ್ರಿ,” ಎಂದೆ.

“ಇರ್ಲಿ,” ಎಂದರು ಅಕ್ಕ. “ನೀ ಓದಿದ್ದೂ ಐತಿ ಅದ್ರಾಗ, ಬಿಟ್ಟಿದ್ದೂ ಐತಿ.”

“ಹಂಗಾರ ನಾನೂ ಒಂದೆರಡು ಮಾತು ಹೇಳ್ತೀನಿ.”

“ನಿಂದು ಆಮ್ಯಾಲೆ ಅಣ್ಣಾ. ಈಗ ನೀ ಕುಂತು ಕೇಳು.”

ಅಣ್ಣ ನಕ್ಕರು. ಕಣ್ಣು ಮಾತ್ರ ನಗಲಿಲ್ಲ. ನಾನು ಮತ್ತೆ ರೆಕಾರ್ಡ್ ಬಟನ್ ಒತ್ತಿ, ಅಕ್ಕನ ಕಡೆ ತಿರುಗಿ ಮೊದಲ ಪ್ರಶ್ನೆಯನ್ನೇ ಕೇಳಿದೆ:

“ಡಿಗ್ರಿ ಹೆಂಗ ಓದಿದ್ರಿ ಅಕ್ಕಾ?”