ಗುಡಿಯ ತಿರುವಿನಲ್ಲಿ ನಿಂತ ಗಾಡಿ

ಸ್ನೇಹಲ್‌ಗೆ ಕೆಲಸ ಕೊಡಿಸಿದ್ದು ಯಾರು ಎಂದು ಹುಮನಾಬಾದಿನಲ್ಲಿ ಕೇಳಿದರೆ ಕಂಪ್ಯೂಟರ್ ಸೆಂಟರಿನ ಧನರಾಜ ಎನ್ನುತ್ತಾರೆ. ಧನರಾಜ ಎಂದರೆ ನಾನೇ. ಹೊಗಳಿಕೆ ಬೇಡ ಎನ್ನುವಷ್ಟು ದೊಡ್ಡ ಮನುಷ್ಯ ನಾನಲ್ಲ. ಆದರೆ ನನ್ನ ಮಾತು ಕೇಳಿದ್ದರೆ ಆಕೆಗೆ ಆ ಕೆಲಸ ಸಿಗುತ್ತಲೇ ಇರಲಿಲ್ಲ.

ಆಕೆ ಬಸವಕಲ್ಯಾಣದ ತ್ರಿಪುರಾಂತ ಓಣಿಯ ಹುಡುಗಿ. ತಂದೆ ವೈಜನಾಥರದು ಕಿರಾಣಿ ಅಂಗಡಿ. ತೊಂಬತ್ತಾರರಲ್ಲಿ ಅವರ ಮನೆಗೆ ಟಿವಿಗೆ ಜೋಡಿಸಿ ಆಡುವ ವಿಡಿಯೊ ಗೇಮ್ ಬಂತು. ಉಳಿದ ಮಕ್ಕಳು ಗೆಲ್ಲಲು ಆಡಿದರೆ, ಹತ್ತು ವರ್ಷದ ಈಕೆ ಗೊಂಬೆಯನ್ನು ಗೋಡೆಗೋಡೆಗೆ ಗುದ್ದಿಸಿ ಎಲ್ಲಿ ದಾರಿ ಬಿಡುತ್ತದೆ ಎಂದು ನೋಡುವಳು. ಅಂಗಡಿಯ ತೊಗರಿಬೇಳೆ ಹಸನು ಮಾಡುವುದೂ ಈಕೆಯೇ. ಈಕೆಯ ಕೈ ದಾಟಿದ ಬೇಳೆಯಲ್ಲಿ ಹಲ್ಲಿಗೆ ಹರಳು ಸಿಕ್ಕಿದ್ದಿಲ್ಲ. ಯಾರ ಅಡುಗೆ ಉಂಡರೂ ಒಂದು ಕೊರತೆ ಎತ್ತಿ ಹೇಳದೆ ಏಳುತ್ತಿರಲಿಲ್ಲ. ಇಂಥವಳನ್ನು ಕಟ್ಟಿಕೊಳ್ಳುವವನ ಗತಿ ಏನು ಎಂದು ಮನೆಮಂದಿಗೆಲ್ಲ ಚಿಂತೆ. ತಪ್ಪು ಹುಡುಕಿದರೆ ಪಗಾರ ಕೊಡುವವರೂ ಇದ್ದಾರೆಂದು ಆಗ ಯಾರಿಗೆ ಗೊತ್ತಿತ್ತು?

ಎರಡು ಸಾವಿರದ ಐದರಲ್ಲಿ ಹೈದರಾಬಾದಿನ ಒಂದು ಸಣ್ಣ ಕಂಪನಿ ಪೇಪರಿನಲ್ಲಿ ಜಾಹೀರಾತು ಹಾಕಿತು. ಹೊಸ ಗೇಮನ್ನು ಮಾರಾಟಕ್ಕೆ ಬಿಡುವ ಮೊದಲು ಆಡಿ, ತಪ್ಪು ಹಿಡಿದು ಬರೆದು ಕಳಿಸಬೇಕು. ಇದ್ದ ಊರಿನಿಂದಲೇ ಮಾಡಬಹುದು. ಮೊದಲ ಹತ್ತು ದಿನ ಪರೀಕ್ಷೆ. ವೈಜನಾಥರೂ ಅಷ್ಟೇ ದಿನ ಕೊಟ್ಟರು: ಕೆಲಸ ಖಾಯಂ ಆದರೆ ಸರಿ, ಇಲ್ಲದಿದ್ದರೆ ಗೇಮಿನ ಹುಚ್ಚು ಬಿಟ್ಟು ತೆಪ್ಪಗೆ ಡಿ.ಎಡ್. ಸೇರಬೇಕು. ಸ್ನೇಹಲ್ ದಿನಾ ಕಲ್ಯಾಣದಿಂದ ಬಸ್ಸಿಗೆ ಬಂದು ನನ್ನ ಸೆಂಟರಿನ ಮೂಲೆಯ ಕಂಪ್ಯೂಟರು ಹಿಡಿದಳು.

ಅದು ಬೈಕ್ ಓಡಿಸುವ ಗೇಮು. ಆರು ದಿನಕ್ಕೆ ಹದಿನೇಳು ತಪ್ಪು ಕಳಿಸಿದಳು. ಹದಿನೇಳೂ ಅಲ್ಲಿ ಒಪ್ಪಿಗೆಯಾದವು. ಹದಿನೆಂಟನೆಯದೇ ಕುತ್ತಿಗೆಗೆ ಬಂತು. ಘಟ್ಟದ ತಿರುವಿನಲ್ಲಿ, ಗುಡಿಯ ಮುಂದೆ, ಇಡೀ ಗೇಮು ಗಕ್ಕನೆ ನಿಂತುಬಿಡುತ್ತಿತ್ತು. ಕಂಪನಿಯ ಮೇಲ್ವಿಚಾರಕ ಶೈಲೇಶ ಫೋನು ಮಾಡಿ, ತಮ್ಮಲ್ಲಿ ನೂರು ಸಲ ಆಡಿದರೂ ನಿಲ್ಲುತ್ತಿಲ್ಲ, ಏನು ಮಾಡಿದಾಗ ನಿಲ್ಲುತ್ತದೆ ಎಂದು ಬರೆಯದಿದ್ದರೆ ಅದನ್ನು ಸುಳ್ಳು ವರದಿ ಎಂದೇ ತಿಳಿಯುತ್ತೇವೆ ಎಂದರು. ಭಾಲ್ಕಿ ಕಡೆಯವರು, ಕನ್ನಡದಲ್ಲೇ ಖಡಕ್ಕಾಗಿ ಹೇಳಿದರು.

ಸ್ನೇಹಲ್ ಎರಡೂ ಕೈ ಕೀಬೋರ್ಡಿನ ಕೀಲಿಗಳ ಮೇಲೆ ಬಿಗಿಯಾಗಿಟ್ಟು, ಉಸಿರು ಹಿಡಿದು ಆಡಿದಳು. ಗೇಮು ನಿಲ್ಲಲಿಲ್ಲ. ಬೇಸತ್ತು, ನನ್ನ ಜೊತೆ ಮಾತಾಡುತ್ತ ಸುಮ್ಮನೆ ಆಡಿದರೆ ನಿಲ್ಲುತ್ತಿತ್ತು. ಯಾಕೆಂದು ಆಕೆಗೂ ತಿಳಿಯದು, ನನಗೂ ತಿಳಿಯದು. ಎರಡು ದಿನ ಹೀಗೇ ಹೋದವು. ಒಂಬತ್ತನೇ ದಿನ ಆಕೆ ಊಟದ ಡಬ್ಬಿ ಬಿಚ್ಚಲೇ ಇಲ್ಲ.

ಟೈಪಿಂಗ್ ಕಲಿಯಲು ಬರುತ್ತಿದ್ದ ಅಸ್ಗರಿ ಪಕ್ಕದಲ್ಲಿ ಕೂತು ನೋಡುತ್ತಿದ್ದವಳು ಕೇಳಿದಳು: "ಗುಡಿ ಬಂದಾಗೊಮ್ಮೆ ಎದಿ ಯಾಕ ಮುಟ್ಕೊಳ್ಳಾಕತ್ತಿ?"

ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ನಮ್ಮಲ್ಲಿ ಬಸ್ಸು ವೀರಭದ್ರನ ಗುಡಿ ದಾಟುವಾಗ ಆಡುತ್ತಿದ್ದ ಮಾತು ನಿಲ್ಲಿಸದೆಯೇ ಬಲಗೈ ಎದೆ ಮುಟ್ಟಿ ಬರುತ್ತದೆ. ನನ್ನ ಕೈಯೂ ಅಂಥದ್ದೇ, ಅದಕ್ಕೇ ಆಕೆಯ ಕೈ ನನಗೆ ಕಾಣಲಿಲ್ಲ. ಗೇಮಿನ ಗುಡಿಗೂ ಆಕೆ ನಮಸ್ಕಾರ ಮಾಡುತ್ತಿದ್ದಳು; ಬಲಗೈ ಕೀಲಿ ಬಿಟ್ಟ ಆ ಕ್ಷಣ ಬೈಕು ತಿರುವಿನಲ್ಲಿ ನಿಂತು, ಗೇಮೂ ನಿಲ್ಲುತ್ತಿತ್ತು. ಹೈದರಾಬಾದಿನ ಹುಡುಗರು ಗೆಲ್ಲುವ ಅವಸರದಲ್ಲಿ ಅಲ್ಲಿ ಕೈ ಬಿಟ್ಟವರೇ ಅಲ್ಲ.

ಆಗ ನಾನು ಬುದ್ಧಿವಂತನ ಹಾಗೆ, ನಮಸ್ಕಾರದ ಮಾತು ಬರೆಯಬೇಡ, ನಗುತ್ತಾರೆ, ಕೈ ಜಾರಿತು ಎಂದು ಬರೆ ಎಂದೆ. ಸ್ನೇಹಲ್ ನನ್ನತ್ತ ತಿರುಗಿಯೂ ನೋಡದೆ ಇದ್ದದ್ದು ಇದ್ದ ಹಾಗೆ ಬರೆದಳು: ಗುಡಿ ಕಂಡಿತು, ಬಲಗೈ ಎದೆ ಮುಟ್ಟಿತು, ಗೇಮು ನಿಂತಿತು.

ಹತ್ತನೇ ದಿನ ಮಧ್ಯಾಹ್ನ ಶೈಲೇಶರ ಫೋನು ಬಂತು. ನಾನೂ ರಿಸೀವರಿಗೆ ಕಿವಿ ಹಚ್ಚಿದೆ. ಅಲ್ಲಿಯೂ ಎದೆ ಮುಟ್ಟಿ ನೋಡಿದರಂತೆ, ಗೇಮು ನಿಂತಿತಂತೆ. ಆದರೆ ಪ್ರೋಗ್ರಾಮಿನಲ್ಲಿ ತಿರುವಿನ ಲೆಕ್ಕ ತಿದ್ದಲು ವಾರ ಬೇಕಂತೆ. ಗುಡಿಯನ್ನೇ ತೆಗೆದುಬಿಟ್ಟಿದ್ದೇವೆ, ಇನ್ನು ಅಲ್ಲಿ ಯಾರೂ ಕೈ ಬಿಡುವುದಿಲ್ಲ, ತಪ್ಪು ಸರಿಯಾಗಿದೆ ಎಂದು ಒಂದು ಸಾಲು ಬರೆದು ಕಳಿಸಿ ಎಂದರು. ನಾನು ಹೂಂ ಅನ್ನು, ಹೂಂ ಅನ್ನು ಎಂದು ಕೈಸನ್ನೆ ಮಾಡಿದೆ. ಅಪ್ಪನ ಗಡುವು ಅಂದೇ ಮುಗಿಯುತ್ತಿತ್ತು.

"ಗುಡಿ ತಗದ್ರ ತಪ್ಪು ಹ್ಯಾಂಗ ಹೋಗ್ತದ್ರಿ?" ಎಂದಳು ಸ್ನೇಹಲ್. "ಅಲ್ಲಿ ಯಾರರ ಮೂಗು ತುರಿಸ್ಕೊಂಡ್ರೂ ಗೇಮ್ ನಿಂದರ್ತದ. ತಪ್ಪು ತಿರುವಿನ್ಯಾಗ ಅದ. ಸರಿ ಆಗ್ಯಾದ ಅಂತ ನಾ ಬರಿಯಂಗಿಲ್ರಿ."

ಹೋಯಿತು ಕೆಲಸ ಎಂದು ನಾನು ತಲೆಯ ಮೇಲೆ ಕೈ ಹೊತ್ತೆ.

"ಬರಿಬ್ಯಾಡ್ರಿ," ಎಂದರು ಶೈಲೇಶ. "ಸರಿ ಆಗ್ಯಾದ ಅಂತ ಬರಿಯೋರು ನನ್ನ ಹತ್ರ ಆರು ಮಂದಿ ಅದಾರ. ನಿಮ್ಮನ್ನ ಖಾಯಂ ತಗೊಳ್ಳಾಕತ್ತಿದ್ದೇ ನೀವು ಬರಿಯಂಗಿಲ್ಲ ಅಂದದ್ದಕ್ಕ."